ಎಂಜಿನ್ 'ಏರ್ ಎಳೀತಿದೆ'ಯಾ? ಮೊದಲು ಬಿರುಕು ಹುಡುಕಿ

ಸಿಗ್ನಲ್‌ನಲ್ಲಿ ನಿಂತಾಗ ಆರ್‌ಪಿಎಂ ಮುಳ್ಳು ಸುಮ್ನೆ ಏರಿ ಇಳಿಯುತ್ತಿದೆ, ಬಾನೆಟ್ ಎತ್ತಿದರೆ 'ಸುಯ್' ಅಂತ ಸದ್ದು. ಇದಕ್ಕೆ ಮೆಕ್ಯಾನಿಕ್‌ಗಳು 'ಏರ್ ಎಳೀತಿದೆ' ಅನ್ನುತ್ತಾರೆ. ಎಂಜಿನ್‌ಗೆ ಎಷ್ಟು ಗಾಳಿ ಹೋಗಬೇಕೆಂದು ನಿಯಂತ್ರಿಸುವ ಥ್ರಾಟಲ್ ದಾಟಿದ ಮೇಲೆ ಎಲ್ಲೋ ರಬ್ಬರ್ ಪೈಪ್ ಸೀಳಿ, ಲೆಕ್ಕಕ್ಕೆ ಸಿಗದ ಗಾಳಿ ಒಳಗೆ ನುಗ್ಗುತ್ತಿರುತ್ತದೆ. ನನ್ನ ಹಳೇ ಪೆಟ್ರೋಲ್ ಕಾರಿಗೆ ಒಂದು ಗ್ಯಾರೇಜಿನವರು ಹೊಸ ಪ್ಲಗ್ ಹಾಕಿದರು, ಥ್ರಾಟಲ್ ಬಾಡಿ ತೊಳೆದರು, ಕೊನೆಗೆ ಆಕ್ಸಿಜನ್ ಸೆನ್ಸರ್ ಕೂಡ ಬದಲಾಯಿಸಿದರು. ಇಲಿ ಕಡಿದ ಪೈಪ್ ಮಾತ್ರ ಹಾಗೇ ಇತ್ತು!

ಮೊದಲು ಕಾರಿನ ಕಂಪ್ಯೂಟರ್ ದಾಖಲಿಸಿದ ದೋಷದ ಕೋಡ್ ಓದುವ ಸ್ಕ್ಯಾನರ್ ಹಾಕಿ. ಪಿ0171 ಕೋಡ್ ಬಂದಿದ್ದರೆ ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ ಎಂದರ್ಥ. ಫ್ಯೂಯಲ್ ಟ್ರಿಮ್ (ಕಂಪ್ಯೂಟರ್ ಪೆಟ್ರೋಲನ್ನು ಶೇಕಡಾ ಎಷ್ಟು ಹೆಚ್ಚು ಕಮ್ಮಿ ಮಾಡುತ್ತಿದೆ ಅನ್ನುವ ಲೆಕ್ಕ) ಐಡ್ಲಿಂಗ್‌ನಲ್ಲಿ, ಅಂದರೆ ಆಕ್ಸಿಲರೇಟರ್ ಒತ್ತದೆ ಎಂಜಿನ್ ಓಡುವಾಗ, +15, +20 ಇದ್ದು, 2,500 ಆರ್‌ಪಿಎಂಗೆ ಏರಿಸಿದಾಗ ಸೊನ್ನೆ ಹತ್ತಿರ ಬಂದರೆ ಲೀಕ್ ಇರುವ ಸಾಧ್ಯತೆ ಜಾಸ್ತಿ. ಏರಿಸಿದರೂ ಇಳಿಯದಿದ್ದರೆ ಪೆಟ್ರೋಲ್ ಪಂಪು, ಫಿಲ್ಟರ್ ಕಡೆ ನೋಡಿ. ಒಳಗೆ ಬರುವ ಗಾಳಿಯ ಬದಲು ಅದರ ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್ ಇರುವ ಕಾರುಗಳಲ್ಲಿ ಎಷ್ಟೋ ಸಲ ಕೋಡೇ ಬರುವುದಿಲ್ಲ, ಐಡ್ಲಿಂಗ್ ಏರುತ್ತದೆ ಅಷ್ಟೇ.

ಎಂಜಿನ್ ಗಾಳಿ ಎಳೆಯುವ ಸೆಳೆತ ಅಳೆಯುವ ವ್ಯಾಕ್ಯೂಮ್ ಗೇಜ್ ಇದ್ದವರು ಒಂದು ವಿಷಯ ಮರೆಯಬೇಡಿ. ಪುಸ್ತಕದಲ್ಲಿ ಬರೆದಿರುವ 17–22 ಇಂಚು (ಪಾದರಸದ ಇಂಚು) ಸಮುದ್ರಮಟ್ಟದ ಲೆಕ್ಕ. ಸಾವಿರ ಅಡಿ ಏರಿದರೆ ಸುಮಾರು ಒಂದು ಇಂಚು ಇಳಿಯುತ್ತದೆ. ಮಂಗಳೂರಿನಲ್ಲಿ 18 ತೋರಿಸುವ ಎಂಜಿನ್ ಬೆಂಗಳೂರಿನಲ್ಲಿ 15 ತೋರಿಸಿದರೆ ಗಾಬರಿ ಬೇಡ.

ಇನ್ನು ಹುಡುಕುವ ಕೆಲಸ. ಎಲ್ಲರೂ ಎಡವುವುದು ಇಲ್ಲೇ. ಮೊದಲು ಎಂಜಿನ್ ಆಫ್ ಮಾಡಿ, ಪ್ರತಿ ಪೈಪನ್ನೂ ಬೆರಳಲ್ಲಿ ಬಗ್ಗಿಸಿ ನೋಡಿ. ಸೀಳು ಸಾಮಾನ್ಯವಾಗಿ ತುದಿಯಲ್ಲಿ, ಅದೂ ಕೆಳಭಾಗದಲ್ಲಿ ಇರುತ್ತದೆ. ನೆಟ್ಟಗಿದ್ದಾಗ ಕಾಣುವುದಿಲ್ಲ, ಬಗ್ಗಿಸಿದರೆ ಬಾಯಿ ಬಿಡುತ್ತದೆ. ಎಂಜಿನ್ನಿನೊಳಗಿನ ಹೊಗೆಯನ್ನು ಮತ್ತೆ ಒಳಕ್ಕೇ ಎಳೆದುಕೊಳ್ಳುವ ಪಿಸಿವಿ ವಾಲ್ವಿನ ಪೈಪ್ ಎಣ್ಣೆ ಕುಡಿದು ಮೆತ್ತಗಾಗಿರುತ್ತದೆ, ಅದನ್ನು ಬಿಡಬೇಡಿ.

ಆಮೇಲೆ ಸ್ಟಾರ್ಟ್ ಮಾಡಿ. ಅಂಗಿಯ ತೋಳು ಮಡಚಿಕೊಳ್ಳಿ, ರೇಡಿಯೇಟರ್ ಫ್ಯಾನ್ ತಾನಾಗಿಯೇ ತಿರುಗಿಬಿಡುತ್ತದೆ. ಒಂದು ಗಜ ರಬ್ಬರ್ ಪೈಪಿನ ಒಂದು ತುದಿ ಕಿವಿಗೆ, ಇನ್ನೊಂದು ತುದಿಯನ್ನು ಜಾಯಿಂಟ್‌ಗಳ ಹತ್ತಿರ ನಿಧಾನವಾಗಿ ಆಡಿಸಿ. ಲೀಕ್ ಹತ್ತಿರ ಬಂದರೆ 'ಸುಯ್' ಜೋರಾಗುತ್ತದೆ. ಸಣ್ಣ ಪೈಪುಗಳನ್ನು ಒಂದೊಂದಾಗಿ ಬೆರಳಲ್ಲಿ ಅದುಮಿ. ಯಾವುದನ್ನು ಅದುಮಿದಾಗ ಐಡ್ಲಿಂಗ್ ಸರಿಹೋಗುತ್ತದೋ ಕಳ್ಳ ಆ ಸಾಲಿನಲ್ಲೇ ಇದ್ದಾನೆ. ಬ್ರೇಕ್ ಹಗುರ ಮಾಡುವ ಬೂಸ್ಟರಿನ ಪೈಪ್ ದಪ್ಪ, ಅದಕ್ಕೆ ಬೇರೆ ಉಪಾಯ: ಎಂಜಿನ್ ಆಫ್ ಇದ್ದಾಗ ಪೆಡಲ್ ನಾಲ್ಕೈದು ಸಲ ತುಳಿದು, ಒತ್ತಿ ಹಿಡಿದೇ ಸ್ಟಾರ್ಟ್ ಮಾಡಿ. ಪೆಡಲ್ ಸ್ವಲ್ಪ ಕೆಳಗಿಳಿಯಬೇಕು. ಇಳಿಯದಿದ್ದರೆ ಅನುಮಾನ ಅಲ್ಲೇ, ಮತ್ತೆ ಆ ಕಾರು ಓಡಿಸಬೇಡಿ.

ಇನ್ನೂ ಸಿಗಲಿಲ್ಲವೇ? ಸಿಲಿಂಡರುಗಳಿಗೆ ಗಾಳಿ ಹಂಚುವ ಮ್ಯಾನಿಫೋಲ್ಡ್ ಎಂಜಿನ್ನಿಗೆ ಕೂಡುವ ಕಡೆ ಇರುವ ಪ್ಯಾಕಿಂಗ್ ಸುತ್ತ ಸೋಪು ನೀರು ಸ್ಪ್ರೇ ಮಾಡಿ. ನೀರು ಸರ್ರಂತ ಒಳಗೆ ಹೋಗಿ ಸದ್ದು ಬದಲಾದರೆ ಅದೇ ಜಾಗ. ಕಾಯಿಲ್, ವೈರಿನ ಮೇಲೆ ಬೀಳಬಾರದು. ಕಾರ್ಬ್ ಕ್ಲೀನರ್ ಹೊಡೆಯಿರಿ ಅಂತ ಯೂಟ್ಯೂಬಿನಲ್ಲಿ ಹೇಳುತ್ತಾರೆ. ಅದು ಬಿಸಿ ಸೈಲೆನ್ಸರ್ ಮೇಲೆ ಬಿದ್ದು ಹೊತ್ತಿಕೊಂಡರೆ ಕಾರೇ ಹೋಗುತ್ತದೆ, ನಾನಂತೂ ಮುಟ್ಟುವುದಿಲ್ಲ. ಇದರಲ್ಲೂ ಸಿಗದಿದ್ದರೆ ದುಡ್ಡು ಹೋದರೆ ಹೋಗಲಿ, ಗ್ಯಾರೇಜಿನಲ್ಲಿ ಸ್ಮೋಕ್ ಟೆಸ್ಟ್ ಮಾಡಿಸಿ, ಒಳಗೆ ಬಿಟ್ಟ ಹೊಗೆ ಎಲ್ಲಿ ಹೊರಬರುತ್ತದೋ ಅಲ್ಲೇ ಲೀಕ್.

ಸಿಕ್ಕ ಮೇಲೆ ರಿಪೇರಿ ಸುಲಭ. ಪೈಪ್ ಬದಲಾಯಿಸಿ. ತುದಿ ಮಾತ್ರ ಸೀಳಿ, ಉದ್ದ ಸಾಕಷ್ಟಿದ್ದರೆ ಅರ್ಧ ಇಂಚು ಕತ್ತರಿಸಿ ಮತ್ತೆ ಸಿಕ್ಕಿಸಬಹುದು. ಇನ್ಸುಲೇಷನ್ ಟೇಪ್ ಬಿಸಿಗೆ ಅಂಟು ಬಿಡುತ್ತದೆ. ಅಕ್ವೇರಿಯಂ ಪೈಪ್ ಬಿಸಿಗೆ ಮೆತ್ತಗಾಗಿ ಒಳಕ್ಕೆ ಹೀರಿಕೊಂಡು ಚಪ್ಪಟೆಯಾಗುತ್ತದೆ. ಹಳೇ ತುಂಡನ್ನೇ ಜೇಬಿನಲ್ಲಿ ಹಾಕಿಕೊಂಡು ಅಂಗಡಿಗೆ ಹೋಗಿ, ಬೆಂಗಳೂರಿನವರಾದರೆ ಜೆ.ಸಿ. ರಸ್ತೆ ಇದ್ದೇ ಇದೆ. ಒಳಗಿನ ಅಳತೆ ಹೊಂದಿಸಿ, ವ್ಯಾಕ್ಯೂಮ್ ಪೈಪ್ ಅಂತಲೇ ಕೇಳಿ. ಪ್ಯಾಕಿಂಗ್ ಹೋಗಿದ್ದರೆ ಹೊಸದು ಹಾಕಿ, ಬೋಲ್ಟುಗಳನ್ನು ನಡುವಿನಿಂದ ಹೊರಕ್ಕೆ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ.

ಕೋಡ್ ಅಳಿಸಿ, ಹತ್ತಿಪ್ಪತ್ತು ಕಿಲೋಮೀಟರ್ ಓಡಿಸಿ, ಟ್ರಿಮ್ ಮತ್ತೆ ನೋಡಿ. +5 ಒಳಗೆ ಬಂದಿದ್ದರೆ ಬಾನೆಟ್ ಮುಚ್ಚಿ. +12ರಲ್ಲೇ ನಿಂತಿದ್ದರೆ ಇನ್ನೊಂದು ಬಿರುಕು ಇರಬಹುದು, ಪೈಪ್ ಮತ್ತೆ ಕಿವಿಗೆ ಹಿಡಿಯಿರಿ.