ಅಮೆರಿಕದ ಸಲೂನಿನಲ್ಲಿ ಟಿಪ್ಸ್: ಹೊಸದಾಗಿ ಬಂದ ಕನ್ನಡಿಗರಿಗೆ

ಅಮೆರಿಕದ ಸಲೂನುಗಳಲ್ಲಿ ಗೋಡೆಗೆ ತೂಗುಹಾಕಿರುವ ದರಪಟ್ಟಿಯನ್ನು ಓದುವಾಗ ಹೊಸಬರು ಮೊದಲು ರೂಢಿಸಿಕೊಳ್ಳಬೇಕಾದ ಲೆಕ್ಕವೊಂದಿದೆ. 25 ಡಾಲರ್ ಎಂದು ಬರೆದಿದ್ದರೆ ಅದನ್ನು 30 ಎಂದೇ ಓದಿಕೊಳ್ಳಬೇಕು. ಮೇಲಿನ ಆ 5 ಡಾಲರ್ ಟಿಪ್ಸ್. ಕೊಡಲೇಬೇಕೆಂಬ ಕಾನೂನಿಲ್ಲ, ಕೊಡದಿದ್ದರೆ ಯಾರೂ ಬಾಗಿಲಲ್ಲಿ ತಡೆದು ಕೇಳುವುದಿಲ್ಲ, ಆದರೂ ಕೊಡದೆ ಎದ್ದು ಬರುವವರು ಇಲ್ಲಿ ಬಹಳ ಕಡಿಮೆ. 30 ಹೆಚ್ಚಾಯಿತು ಎನಿಸಿದರೆ ಇನ್ನೂ ಅಗ್ಗದ ಅಂಗಡಿಯನ್ನು ಹುಡುಕಿಕೊಳ್ಳುವುದೇ ಮರ್ಯಾದೆ. ದುಬಾರಿ ಅಂಗಡಿಯಲ್ಲಿ ಕುಳಿತು ಟಿಪ್ಸಿನಲ್ಲಿ ಉಳಿತಾಯ ಮಾಡುವುದು ಒಳ್ಳೆಯದಲ್ಲ.

ಇದನ್ನು ನಾನು ಕಲಿತದ್ದು ಮುಖಭಂಗಪಟ್ಟ ಮೇಲೆ. 2011ರಲ್ಲಿ ನ್ಯೂಜೆರ್ಸಿಗೆ ಬಂದ ಮೂರನೆಯ ವಾರ ಮನೆಯ ಹತ್ತಿರದ ಸಲೂನೊಂದಕ್ಕೆ ಹೋಗಿದ್ದೆ. ಐವತ್ತು ದಾಟಿದ ಹೆಂಗಸೊಬ್ಬರು ಅಚ್ಚುಕಟ್ಟಾಗಿ ಕೂದಲು ಕತ್ತರಿಸಿ, ಕುತ್ತಿಗೆಗೆ ಪೌಡರು ಹಚ್ಚಿ, ತಲೆಯ ಹಿಂದೆ ಕನ್ನಡಿ ಹಿಡಿದು ತೋರಿಸಿ, ಹೊದಿಸಿದ್ದ ಬಟ್ಟೆಯನ್ನು ಕೊಡವಿ ತೆಗೆದರು. ದರ 16 ಡಾಲರ್ ಇತ್ತು. ನಾನು ಮೂರು ಐದರ ನೋಟು, ಒಂದು ಒಂದರ ನೋಟನ್ನು ಎಣಿಸಿಟ್ಟು, ವಂದಿಸಿ ಹೊರಟೆ. ಆಕೆ ಒಂದು ಗಳಿಗೆ ನನ್ನ ಕೈಯನ್ನೇ ನೋಡಿ, ಆಮೇಲೆ ಪೊರಕೆ ಎತ್ತಿಕೊಂಡು ನನ್ನ ಕೂದಲನ್ನು ಗುಡಿಸತೊಡಗಿದರು. ಏನೋ ತಪ್ಪಾಗಿದೆ ಎಂಬುದು ತಿಳಿಯಿತು, ಏನೆಂಬುದು ತಿಳಿಯಲಿಲ್ಲ. ಮರುದಿನ ಊಟದ ಹೊತ್ತಿನಲ್ಲಿ ಶಿವಮೊಗ್ಗದ ಸಹೋದ್ಯೋಗಿಯೊಬ್ಬರು ನಗುತ್ತಲೇ ಬಿಡಿಸಿ ಹೇಳಿದರು.

ನಮ್ಮಲ್ಲಿ ಭಕ್ಷೀಸು, ಇನಾಮು ಎಂದರೆ ಕೊಡುವವರ ಕೈ ಮೇಲೆ, ಪಡೆಯುವವರ ಕೈ ಕೆಳಗೆ ಎಂಬ ಭಾವನೆ ಅಂಟಿಕೊಂಡಿದೆ. ಆ ಭಾವನೆಯನ್ನು ವಿಮಾನ ಹತ್ತಿಸಿಕೊಂಡು ಬಂದರೆ ಇಲ್ಲಿನ ಟಿಪ್ಸ್ ಅರ್ಥವಾಗುವುದಿಲ್ಲ. ಅದಕ್ಕಿಂತ ನಮ್ಮ ಹಳ್ಳಿಗಳ ಹಳೆಯ ಆಯವನ್ನು ನೆನೆಯುವುದು ಮೇಲು. ಆಯಗಾರರಲ್ಲಿ ಒಬ್ಬರಾದ ಕ್ಷೌರಿಕರಿಗೆ ಸುಗ್ಗಿಯ ಕಾಲದಲ್ಲಿ ಕಣದಿಂದ ಕಾಳು ಸಲ್ಲುತ್ತಿತ್ತು, ಅದು ಅವರ ಹಕ್ಕಿನ ಪಾಲಾಗಿತ್ತು, ದಾನವೆಂದು ಯಾರೂ ಅದನ್ನು ಕರೆಯುತ್ತಿರಲಿಲ್ಲ. ಸಲೂನಿನ ಟಿಪ್ಸ್ ಕೂಡ ದರಪಟ್ಟಿಯಲ್ಲಿ ಬರೆಯದೆ ಬಿಟ್ಟಿರುವ ಕೂಲಿಯ ಒಂದು ಭಾಗ.

ಕೂದಲು ಕತ್ತರಿಸುವವರಿಗೆ ಹಣ ಯಾವ ದಾರಿಯಲ್ಲಿ ಬರುತ್ತದೆ ಎಂಬುದನ್ನು ತಿಳಿದರೆ ಇದು ಇನ್ನಷ್ಟು ಸ್ಪಷ್ಟವಾಗುತ್ತದೆ. ಗ್ರೇಟ್ ಕ್ಲಿಪ್ಸ್, ಸೂಪರ್‌ಕಟ್ಸ್‌ನಂತಹ ಸರಣಿ ಅಂಗಡಿಗಳಲ್ಲಿ ಸಾಮಾನ್ಯವಾಗಿ ಗಂಟೆಯ ಕೂಲಿ ಇರುತ್ತದೆ. ಕೆಲವು ಸಲೂನುಗಳಲ್ಲಿ ಗಿರಾಕಿ ಕೊಟ್ಟ ಹಣದ ಅರ್ಧದ ಆಸುಪಾಸು ಕೆಲಸಗಾರರಿಗೆ, ಉಳಿದದ್ದು ಮಾಲೀಕರಿಗೆ. ಇನ್ನು ಕೆಲವು ಕಡೆ ಅವರು ಕೆಲಸಗಾರರೇ ಅಲ್ಲ. ಕುರ್ಚಿಯೊಂದನ್ನು ವಾರದ ಬಾಡಿಗೆಗೆ ಹಿಡಿದು, ಕತ್ತರಿ, ಬಣ್ಣ, ಶಾಂಪೂಗಳನ್ನೆಲ್ಲ ತಾವೇ ಕೊಂಡು, ಗಿರಾಕಿ ಬಂದರೂ ಬಾರದಿದ್ದರೂ ಬಾಡಿಗೆ ಕಟ್ಟುವವರು. ಕೇಂದ್ರ ಸರ್ಕಾರ ನಿಗದಿಪಡಿಸಿದ ಕನಿಷ್ಠ ಕೂಲಿ 2009ರಿಂದ ಗಂಟೆಗೆ 7.25 ಡಾಲರಿನಲ್ಲೇ ನಿಂತಿದೆ. ಟಿಪ್ಸ್ ಪಡೆಯುವ ನೌಕರರಿಗೆ ಮಾಲೀಕರು ಕೈಯಿಂದ ಕೊಡಬೇಕಾದ ಮೊತ್ತ 1991ರಿಂದ 2.13 ಡಾಲರ್, ಟಿಪ್ಸ್ ಸೇರಿಯೂ 7.25 ತಲುಪದಿದ್ದರೆ ಮಾತ್ರ ಉಳಿದದ್ದನ್ನು ಮಾಲೀಕರು ತುಂಬಿಕೊಡಬೇಕು. ಕ್ಯಾಲಿಫೋರ್ನಿಯಾ, ವಾಷಿಂಗ್ಟನ್, ಮಿನೆಸೋಟಗಳಂತಹ ಕೆಲವು ರಾಜ್ಯಗಳು ಈ ಕಡಿತಕ್ಕೆ ಒಪ್ಪದೆ ಪೂರ್ತಿ ಕೂಲಿ ಕೊಡಿಸುತ್ತವೆ. ಅದನ್ನೇ ಹಿಡಿದು, ಇಲ್ಲಿ ಪೂರ್ತಿ ಸಂಬಳವಿದೆಯಲ್ಲ, ಟಿಪ್ಸ್ ಏಕೆ ಎಂದು ವಾದಿಸುವ ನಮ್ಮವರನ್ನು ಕ್ಯಾಲಿಫೋರ್ನಿಯಾದಲ್ಲಿ ಕಂಡಿದ್ದೇನೆ. ಅಲ್ಲಿನ ಮನೆಬಾಡಿಗೆಯನ್ನು ಕಟ್ಟುತ್ತಲೇ ಈ ವಾದವನ್ನು ಹೂಡುವುದು ನನಗೆ ವಿಚಿತ್ರವಾಗಿ ಕಾಣುತ್ತದೆ.

ಮೊತ್ತದ ವಿಷಯ ಸರಳ. ನೂರಕ್ಕೆ 15ರಿಂದ 20 ರೂಢಿ, ದೊಡ್ಡ ನಗರಗಳಲ್ಲಿ 20. ದರದ ಹತ್ತನೆಯ ಒಂದು ಪಾಲನ್ನು ತೆಗೆದು ಇಮ್ಮಡಿ ಮಾಡಿದರೆ ಲೆಕ್ಕ ಮುಗಿಯಿತು. 18 ಡಾಲರಿಗೆ 3.60 ಬರುತ್ತದೆ, 4 ಕೊಡಿ, ನಾಣ್ಯ ಎಣಿಸಬೇಡಿ. ಕೂಪನ್ ತೋರಿಸಿ 5 ಡಾಲರ್ ಕಡಿಮೆ ಮಾಡಿಸಿಕೊಂಡಿದ್ದರೂ ಟಿಪ್ಸ್ ಮೂಲ ದರದ ಮೇಲೆಯೇ, ಏಕೆಂದರೆ ಅಂಗಡಿ ಬೆಲೆ ಇಳಿಸಿದ ಮಾತ್ರಕ್ಕೆ ಕತ್ತರಿ ಹಿಡಿದವರ ಕೆಲಸವೇನೂ ಇಳಿದಿರುವುದಿಲ್ಲ. ಕುರ್ಚಿಯಲ್ಲಿ ಕುಳಿತು ಅಳುವ, ತಲೆ ಅಲ್ಲಾಡಿಸುವ ಮೂರು ವರ್ಷದ ಮಗುವಿನ ಕಟಿಂಗಿಗೆ ದರ ಕಡಿಮೆ ಇರಬಹುದು, ಟಿಪ್ಸನ್ನು ಮಾತ್ರ ನಾನು ಹೆಚ್ಚಿಗೆ ಕೊಡುತ್ತೇನೆ.

ಹೆಂಗಸರ ಬಿಲ್ಲಿನಲ್ಲಿ ಈ ಲೆಕ್ಕ ಭಾರವಾಗುತ್ತದೆ. ಬಣ್ಣ ಹಾಕಿಸಿ 200 ಡಾಲರ್ ಆದರೆ ಟಿಪ್ಸೇ 40. ತಲೆ ತೊಳೆಯುವವರು ಬೇರೆಯಿದ್ದರೆ ಅವರಿಗೆ 3ರಿಂದ 5 ಡಾಲರುಗಳನ್ನು ಪ್ರತ್ಯೇಕವಾಗಿ ಅವರ ಕೈಗೇ ಕೊಡುವುದು ವಾಡಿಕೆ. ಆದ್ದರಿಂದ ಬಣ್ಣದ ದರವನ್ನು ಫೋನಿನಲ್ಲಿ ವಿಚಾರಿಸುವಾಗಲೇ ಐದರಲ್ಲೊಂದು ಪಾಲನ್ನು ಸೇರಿಸಿಕೊಂಡು ನಿರ್ಧರಿಸಿ. ಭಾರತೀಯ ಅಂಗಡಿಗಳ ಸಾಲಿನಲ್ಲಿರುವ ಪಾರ್ಲರುಗಳಲ್ಲಿ ಹುಬ್ಬಿನ ಥ್ರೆಡಿಂಗಿಗೆ 2 ಅಥವಾ 3 ಡಾಲರ್ ಸಾಕು. ಅವರು ನಮ್ಮವರೇ, ಹಿಂದಿಯಲ್ಲಿ ಮಾತಾಡುತ್ತಾರೆ, ಟಿಪ್ಸ್ ಬೇಕಿಲ್ಲ ಎಂದು ಕೆಲವರು ತಿಳಿಯುತ್ತಾರೆ. ಅವರೂ ಇದೇ ಊರಿನಲ್ಲಿ ಅಕ್ಕಿ ಕೊಳ್ಳುವವರು.

ಹಣ ಕೊಡುವ ಹೊತ್ತಿನ ಮುಜುಗರಕ್ಕೆ ಈಗ ಹೊಸ ಕಾರಣವೊಂದಿದೆ. ಕಾರ್ಡು ಉಜ್ಜಿದ ಕೂಡಲೇ ಟ್ಯಾಬ್ಲೆಟನ್ನು ನಿಮ್ಮತ್ತ ತಿರುಗಿಸುತ್ತಾರೆ. ಪರದೆಯ ಮೇಲೆ ನೂರಕ್ಕೆ 18, 20, 25 ಎಂಬ ಗುಂಡಿಗಳು, ಎದುರಿಗೆ ಕತ್ತರಿಸಿದವರೇ ನಿಂತಿರುತ್ತಾರೆ. ಗಾಬರಿಯಲ್ಲಿ ದೊಡ್ಡದನ್ನೇ ಒತ್ತಿಬಿಡುವ ಅಗತ್ಯವಿಲ್ಲ. ಬೇರೆ ಮೊತ್ತವನ್ನು ಬರೆಯುವ ಗುಂಡಿ ಕೆಳಗೆ ಚಿಕ್ಕದಾಗಿ ಇದ್ದೇ ಇರುತ್ತದೆ. ನ್ಯೂಯಾರ್ಕ್ ನಗರದಂತೆ ಕಟಿಂಗಿಗೆ ಮಾರಾಟ ತೆರಿಗೆ ಹಾಕುವ ಊರಿನಲ್ಲಿ ತೆರಿಗೆಯ ಮೇಲೂ ಟಿಪ್ಸ್ ಲೆಕ್ಕ ಹಾಕಬೇಕಿಲ್ಲ.

ನಗದಾಗಿ ಕೊಡುವವರು ಮೊದಲೇ ಸಿದ್ಧವಾಗಿ ಹೋಗುವುದು ಲೇಸು, ಏಕೆಂದರೆ ಎಟಿಎಂನಿಂದ ಬರುವುದು ಹೆಚ್ಚಾಗಿ 20ರ ನೋಟುಗಳೇ. ನಾನು ಕಾರಿನಲ್ಲಿ ಒಂದರ ಮತ್ತು ಐದರ ಕೆಲವು ನೋಟುಗಳನ್ನು ಇಟ್ಟುಕೊಂಡಿರುತ್ತೇನೆ. ಮುಂಗಟ್ಟೆಯಲ್ಲಿ ಬಿಲ್ಲು ಕಟ್ಟಿ, ಹಿಂದಿರುಗಿ ಹೋಗಿ, ನೋಟನ್ನು ಮಡಿಚಿ ಅವರ ಕೈಗಿಡಿ ಅಥವಾ ಕನ್ನಡಿಯ ಮುಂದೆ ಇಡಿ. ಕಾರ್ಡಿನಲ್ಲಿ ಕೊಟ್ಟರೆ ಮಾಲೀಕರು ನುಂಗುತ್ತಾರೆಂಬ ಅನುಮಾನ ಬಹಳ ಮಂದಿಗೆ ಇದೆ. ನೌಕರರ ಟಿಪ್ಸಿನಲ್ಲಿ ಮಾಲೀಕರಾಗಲಿ ಮೇಲ್ವಿಚಾರಕರಾಗಲಿ ಪಾಲು ತೆಗೆಯುವಂತಿಲ್ಲ ಎಂದು 2018ರ ಕೇಂದ್ರ ಕಾಯ್ದೆ ಹೇಳುತ್ತದೆ; ಕ್ಯಾಲಿಫೋರ್ನಿಯಾದಲ್ಲಿ ಕಾರ್ಡಿನ ಶುಲ್ಕವನ್ನೂ ಅದರಿಂದ ಮುರಿದುಕೊಳ್ಳುವಂತಿಲ್ಲ. 2025ರ ತೆರಿಗೆ ಕಾಯ್ದೆಯ ಪ್ರಕಾರ 2025ರಿಂದ 2028ರವರೆಗೆ ವರ್ಷಕ್ಕೆ 25,000 ಡಾಲರುಗಳವರೆಗಿನ ಟಿಪ್ಸನ್ನು ಆದಾಯ ತೆರಿಗೆಯ ಲೆಕ್ಕದಿಂದ ಕಳೆಯಲು ಅವಕಾಶವಿದೆ, ಈ ಅವಕಾಶವಿರುವ ಕಸುಬುಗಳ ಪಟ್ಟಿಯಲ್ಲಿ ಕೇಶ ವಿನ್ಯಾಸಕರೂ ಇದ್ದಾರೆ, ಕಾರ್ಡಿನಲ್ಲಿ ಬಂದದ್ದೂ ಲೆಕ್ಕಕ್ಕೆ ಸೇರುತ್ತದೆ. ಹೀಗಾಗಿ ನಗದೇ ಆಗಬೇಕೆಂಬ ಹಟ ಬೇಡ.

ಮಾಲೀಕರೇ ಕತ್ತರಿಸಿದರೆ ಟಿಪ್ಸ್ ಬೇಡವೆಂಬ ಹಳೆಯ ವಾಡಿಕೆ ಇತ್ತು. ಈಗ ಅದು ಸಡಿಲವಾಗಿದೆ, ನಾನಂತೂ ಭೇದ ಮಾಡುವುದಿಲ್ಲ. ಕಟಿಂಗ್ ಕೆಟ್ಟಿತೆಂದರೆ ಕುರ್ಚಿಯಿಂದ ಏಳುವ ಮೊದಲೇ ಹೇಳಿ. ಬಹುತೇಕರು ಬೇಸರವಿಲ್ಲದೆ ಸರಿಪಡಿಸುತ್ತಾರೆ. ಸುಮ್ಮನೆ ಎದ್ದು ಬಂದು ಟಿಪ್ಸ್ ಸೊನ್ನೆ ಮಾಡಿದರೆ ಅವರಿಗೆ ತಪ್ಪು ತಿಳಿಯುವುದಿಲ್ಲ, ನೀವು ಜಿಪುಣರೆಂಬುದಷ್ಟೇ ತಿಳಿಯುತ್ತದೆ.

ವರ್ಷವಿಡೀ ಒಬ್ಬರ ಬಳಿಯೇ ಹೋಗುತ್ತಿದ್ದರೆ ಡಿಸೆಂಬರಿನಲ್ಲಿ ಒಂದು ಕಟಿಂಗಿನ ದರದಷ್ಟು ಹಣವನ್ನು ಲಕೋಟೆಯಲ್ಲಿಟ್ಟು ಕೊಡುವ ಪದ್ಧತಿಯಿದೆ. ಆಯುಧಪೂಜೆಯ ದಿನ ಕನ್ನಡಿಗೆ ಕುಂಕುಮವಿಟ್ಟು, ಕತ್ತರಿ, ಮೆಷಿನ್ನುಗಳನ್ನು ಸಾಲಾಗಿ ಜೋಡಿಸಿ ಪೂಜೆ ಮಾಡಿದ ಅಂಗಡಿಗೆ ಹೋಗಿ, ಕೊಡುವುದಕ್ಕಿಂತ ನಾಲ್ಕು ಕಾಸು ಹೆಚ್ಚಿಗೆ ಕೊಟ್ಟು ಕಡ್ಲೆಪುರಿ ಇಸಿದುಕೊಂಡು ಬಂದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಊರಿನಿಂದ ತಂದೆತಾಯಿ ಬಂದಾಗ ಮಾತ್ರ ಸ್ವಲ್ಪ ಜಾಣತನ ಬೇಕು. ನನ್ನ ತಂದೆಯವರು ಮೊದಲ ಸಲ ಬಂದಾಗ 22 ಡಾಲರ್ ಎಂದು ಹೇಳಿ ಕರೆದುಕೊಂಡು ಹೋಗಿದ್ದೆ. ಅದನ್ನು ರೂಪಾಯಿಗೆ ತಿರುಗಿಸಿ ಒಮ್ಮೆ ಗೊಣಗಿದರು; ನಾನು ಮೇಲೆ 5 ಡಾಲರ್ ಇಟ್ಟಾಗ, ತಲೆಗೆ ಎಣ್ಣೆ ಹಾಕಿ ಮಸಾಜನ್ನೂ ಮಾಡಲಿಲ್ಲ, ಇದು ಯಾತಕ್ಕೆ ಎಂದು ಅಂಗಡಿಯಲ್ಲೇ ಕನ್ನಡದಲ್ಲಿ ಗಟ್ಟಿಯಾಗಿ ಕೇಳಿದರು. ಈಗ ಮನೆಯಿಂದ ಹೊರಡುವಾಗಲೇ ಕಟಿಂಗಿಗೆ 27 ಡಾಲರ್ ಎನ್ನುತ್ತೇನೆ. ಅದಕ್ಕೂ ಗೊಣಗುತ್ತಾರೆ, ಆದರೆ ಒಂದೇ ಸಲ, ಅದೂ ಕಾರಿನೊಳಗೆ.