ಡಬ್ಬಿ ಖಾಲಿಯಾದರೆ ಆ ದಿನದ ಸಕ್ಕರೆ ಮುಗಿಯಿತು

ಸಕ್ಕರೆ ಕಡಿಮೆ ಮಾಡುತ್ತೇನೆ ಎಂದಾಗ "ಎರಡು ವಾರದ ಆಟ ಅಷ್ಟೇ" ಎಂದು ಮನೆಯವರೇ ನಕ್ಕಿದ್ದರು. ಹನ್ನೊಂದು ತಿಂಗಳಾಯಿತು. ಅದಕ್ಕೇ ಸ್ವಲ್ಪ ಜಂಬದಿಂದ ಬರೆಯುತ್ತಿದ್ದೇನೆ.

ಸಕ್ಕರೆ ಯಾಕೆ ಇಳಿಸಬೇಕು ಅನ್ನುವುದು ನಿಮಗೆಲ್ಲ ಗೊತ್ತು. ನನಗೆ ಬೇಕಾಗಿದ್ದುದು ಒಂದು ಗುರಿ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದ ಹಾಗೆ, ಮೇಲೆ ಸೇರಿಸಿದ ಸಕ್ಕರೆ (ಜೇನು, ಜ್ಯೂಸಿನದೂ ಸೇರಿ) ದಿನದ ಕ್ಯಾಲೊರಿಯಲ್ಲಿ ಶೇ 5ಕ್ಕಿಂತ ಕಡಿಮೆ ಇದ್ದರೆ ಒಳ್ಳೆಯದು. ಅಂದರೆ ಸುಮಾರು 25 ಗ್ರಾಂ, ಆರು ಟೀ ಚಮಚ. ಒಂದು ವಾರ ಬರೆದಿಟ್ಟು ನೋಡಿದರೆ ನನ್ನದು 70 ಗ್ರಾಂ ಆಸುಪಾಸಿನಲ್ಲಿತ್ತು.

ಮೊದಲು ಒಂದೇ ಏಟಿಗೆ ಬಿಟ್ಟೆ. ಮೂರನೇ ದಿನ ತಲೆನೋವು, ಸಿಡುಕು. ನಾಲ್ಕನೇ ದಿನ ಒಂದು ಪೊಟ್ಟಣ ಬಿಸ್ಕತ್ತು ಒಬ್ಬನೇ ಮುಗಿಸಿದೆ. ಆಮೇಲೆ ಜೇನುತುಪ್ಪ ಹಿಡಿದೆ. ಲೆಕ್ಕಕ್ಕೆ ಅದೂ ಸಕ್ಕರೆಯೇ ಅಲ್ವಾ, ಕಳ್ಳ ವೇಷ ಬದಲಿಸಿ ಬಂದ ಹಾಗೆ. ನಿಜವಾಗಿ ಕೈಸುಟ್ಟುಕೊಂಡಿದ್ದು ಮೂರನೇ ಸಲ. ಸಕ್ಕರೆಗೆ ಬದಲಾಗಿ ಹಾಕುವ ಸ್ಟೀವಿಯಾ, ಎರಿಥ್ರಿಟಾಲ್, ಜೊತೆಗೆ 'ಸಕ್ಕರೆ ರಹಿತ' ಚಾಕೊಲೇಟ್ ಎಂದು ಒಂದು ತಿಂಗಳ ದಿನಸಿಯ ಕಾಲುಭಾಗದಷ್ಟು ದುಡ್ಡು ಸುರಿದೆ. ಸ್ಟೀವಿಯಾ ನಾಲಿಗೆಯ ಮೇಲೆ ಕಹಿ ಉಳಿಸಿತು. ಚಾಕೊಲೇಟಿನಲ್ಲಿದ್ದ ಮಾಲ್ಟಿಟಾಲ್ ಅನ್ನುವ ಬದಲಿ ಸಿಹಿ ಹೊಟ್ಟೆಯಲ್ಲಿ ಮಾಡಿದ ಗಲಾಟೆಯನ್ನು ಇಲ್ಲಿ ಬರೆಯುವುದು ಬೇಡ. ಅರ್ಧ ಡಬ್ಬಿ ಎರಿಥ್ರಿಟಾಲ್ ಇನ್ನೂ ಕಪಾಟಿನಲ್ಲಿ ನನ್ನನ್ನು ನೋಡಿ ಅಣಕಿಸುತ್ತಿದೆ.

ಕೊನೆಗೆ ಗೆದ್ದಿದ್ದು ಒಂದು ಖಾಲಿ ಡಬ್ಬಿ. ಬೆಳಗ್ಗೆ ಅಡುಗೆ ತಕ್ಕಡಿಯಲ್ಲಿ 60 ಗ್ರಾಂ ಸಕ್ಕರೆ ತೂಗಿ ಅದರಲ್ಲಿ ಹಾಕುತ್ತಿದ್ದೆ. ಕಾಫಿಗೆ ಅದರಿಂದಲೇ. ಅಂಗಡಿಯದು ಏನು ತಿಂದರೂ ಲೇಬಲ್ ನೋಡಿ ಅಷ್ಟೇ ಸಕ್ಕರೆ ಡಬ್ಬಿಯಿಂದ ತೆಗೆದು ದೊಡ್ಡ ಡಬ್ಬಕ್ಕೆ ವಾಪಸು. ಒಂದು ದೊಡ್ಡ ಚಮಚ ಕೆಚಪ್‌ಗೆ ಸುಮಾರು 4 ಗ್ರಾಂ. 330 ಮಿಲಿ ಕೋಲಾಕ್ಕೆ 35. ಆ ಗುಡ್ಡೆಯನ್ನು ಕಣ್ಣಾರೆ ನೋಡಿದ ಮೇಲೆ ಕೋಲಾ ತಾನಾಗಿಯೇ ನಿಂತಿತು, ಯಾರೂ ಬುದ್ಧಿ ಹೇಳಬೇಕಾಗಲಿಲ್ಲ. ವಾರಕ್ಕೆ 5 ಗ್ರಾಂ ಇಳಿಸುತ್ತಾ ಬಂದೆ.

35ಕ್ಕೆ ಬಂದಾಗ ಗಾಡಿ ನಿಂತಿತು. ಹೆಚ್ಚುಕಡಿಮೆ ಒಂದು ತಿಂಗಳು ಅಲ್ಲೇ. ಎರಡು ತಪ್ಪು ಮಾಡಿದ್ದೆ. ಬೆಳಗಿನ ಫ್ಲೇಕ್ಸ್ ಲೇಬಲ್ಲಿನಲ್ಲಿದ್ದುದು 30 ಗ್ರಾಂನ ಲೆಕ್ಕ, ನನ್ನ ಬಟ್ಟಲಿಗೆ ಬೀಳುತ್ತಿದ್ದುದು 70. ಇನ್ನೊಂದು, ಸಪ್ಪೆ ಮೊಸರಿನ ಲೇಬಲ್ಲಿನಲ್ಲಿದ್ದ ಸಕ್ಕರೆಯನ್ನೂ ಡಬ್ಬಿಯಿಂದ ಕಳೆಯುತ್ತಿದ್ದೆ. ಅದು ಹಾಲಿನಲ್ಲೇ ಇರುವ ಸಕ್ಕರೆ ಲ್ಯಾಕ್ಟೋಸ್, ಮೇಲೆ ಸೇರಿಸಿದ್ದಲ್ಲ. ಸುಮ್ನೆ ಎರಡು ವಾರ ಮೊಸರು ಬಿಟ್ಟಿದ್ದೆ! ಫ್ಲೇಕ್ಸ್ ಜಾಗಕ್ಕೆ ಓಟ್ಸ್ ಮತ್ತು ಕಪ್ಪುಚುಕ್ಕೆ ಬಿದ್ದ ಬಾಳೆಹಣ್ಣು ಬಂತು. ಹಣ್ಣನ್ನು ಹಾಗೇ ತಿಂದರೆ ಲೆಕ್ಕಕ್ಕಿಲ್ಲ, ಜ್ಯೂಸ್ ಮಾಡಿದರೆ ಲೆಕ್ಕಕ್ಕೆ ಬರುತ್ತದೆ. ಎರಡೇ ವಾರದಲ್ಲಿ 25.

ಕಾಫಿಯಲ್ಲಿ ಒಂದಿಷ್ಟು ಆಟವಾಡಿದೆ. ಚಿಟಿಕೆಗಿಂತ ಕಡಿಮೆ ಉಪ್ಪು ಹಾಕಿದರೆ ಕಹಿ ತಗ್ಗುತ್ತದೆ. ಜಾಸ್ತಿಯಾದರೆ ಸಮುದ್ರ ಕುಡಿದ ಹಾಗೆ. ದಾಲ್ಚಿನ್ನಿ ನನಗೆ ಹಿಡಿಸಲಿಲ್ಲ. ನಕ್ಕವರೇ ಒಂದು ದಿನ ಐದು ಕಪ್ ಇಟ್ಟು ಪರೀಕ್ಷೆ ಮಾಡಿದರು: ಯಾವ್ಯಾವುದರಲ್ಲಿ ಅರ್ಧ ಚಮಚ ಸಕ್ಕರೆ ಇದೆ, ಯಾವುದರಲ್ಲಿ ಇಲ್ಲ? ನಾಲ್ಕು ಸರಿ ಹೇಳಿದೆ. ಮೊದಲಾಗಿದ್ದರೆ ಎರಡು ಚಮಚವೂ ನನಗೆ ಸಪ್ಪೆಯೇ.

ರಾತ್ರಿ ಊಟದ ನಂತರದ ಬಾಯಿಚಪಲಕ್ಕೆ ನನ್ನದೇ ಒಂದು ಮದ್ದಿದೆ. ಅದನ್ನು ಸದ್ಯಕ್ಕೆ ಹೇಳುವುದಿಲ್ಲ. ಇನ್ನೂ ನಾಲ್ಕು ಜನರ ಮೇಲೆ ನೋಡಬೇಕು.

ಖರ್ಚಿನ ಮಾತು: ತಿಂಡಿ ಮತ್ತು ಪಾನೀಯದ ಬಿಲ್ ಸುಮಾರು ಮೂರನೇ ಒಂದು ಪಾಲು ಇಳಿದಿದೆ. ಹಾಗೆ ಉಳಿದ ದುಡ್ಡಲ್ಲಿ ಅರ್ಧ ಹಣ್ಣಿಗೂ ಬೀಜಗಳಿಗೂ ಹೋಗುತ್ತದೆ, ಸುಳ್ಳು ಹೇಳಲಾರೆ.

ಈಗ ದಿನಕ್ಕೆ 18ರಿಂದ 22 ಗ್ರಾಂ. ಸಕ್ಕರೆ ಹಾಕದೆ ಮನೆಯಲ್ಲೇ ಮಾಡುವ ಬ್ರೆಡ್ ಮಾತ್ರ ಇನ್ನೂ ನನ್ನನ್ನು ಸೋಲಿಸುತ್ತಿದೆ. ಸಕ್ಕರೆ ಇಲ್ಲದಿದ್ದರೂ ಯೀಸ್ಟ್ ಹಿಟ್ಟಿನಿಂದಲೇ ಕೆಲಸ ಮಾಡುತ್ತದೆ, ಸಮಯ ಜಾಸ್ತಿ ಹಿಡಿಯುತ್ತದೆ ಅಷ್ಟೇ. ಆದರೆ ನನಗೆ ತಾಳ್ಮೆ ಎಲ್ಲಿದೆ? ಮೊದಲನೆಯದು ಇಟ್ಟಿಗೆಯಾಯಿತು, ಎರಡನೆಯದು ಉಬ್ಬಿದರೂ ಬಣ್ಣ ಬರಲಿಲ್ಲ. ಮೂರನೆಯದರ ಹಿಟ್ಟು ನಿನ್ನೆ ರಾತ್ರಿಯೇ ಕಲಸಿಟ್ಟಿದ್ದೇನೆ.