ಹಳೆಯ ಗಾಳಿ ಸೆನ್ಸರ್, ಹೊಸ ಪ್ಲಾಟರ್: ನಾನು ಜೋಡಿಸಿದ ಬಗೆ

ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಸೊಲೆಂಟ್ ಜಲಸಂಧಿಯಲ್ಲಿ ನಾನು ಹಾಯಿದೋಣಿ ಓಡಿಸುತ್ತೇನೆ. ದೋಣಿ ಹಳೆಯದು. ಮಾಸ್ಟ್ (ಹಾಯಿಕಂಬ) ತುದಿಯ ಗಾಳಿ ಸೆನ್ಸರ್ ಬಳಸುವುದು ಎನ್‌ಎಂಇಎ 0183, ಅಂದರೆ ದೋಣಿಯ ಉಪಕರಣಗಳು ಪರಸ್ಪರ ಮಾಹಿತಿ ಕಳಿಸುವ ಹಳೆಯ ಮಾನದಂಡ. ಹೊಸದಾಗಿ ಹಾಕಿಸಿದ ಚಾರ್ಟ್‌ಪ್ಲಾಟರ್ (ನಕ್ಷೆ ತೋರಿಸುವ ಪರದೆ), ಆಟೋಪೈಲಟ್ (ತಾನಾಗಿ ಚುಕ್ಕಾಣಿ ಹಿಡಿಯುವ ಉಪಕರಣ) ಎರಡಕ್ಕೂ ಬೇಕಿದ್ದದ್ದು ಅದರ ಹೊಸ ಮಾನದಂಡ, ಎನ್‌ಎಂಇಎ 2000. ಸೆನ್ಸರ್ ಗಟ್ಟಿಮುಟ್ಟಾಗಿತ್ತು, ಬದಲಿಸಲು ಮನಸ್ಸಾಗಲಿಲ್ಲ. ಒಂದರ ಸಂದೇಶವನ್ನು ಇನ್ನೊಂದಕ್ಕೆ ಬದಲಿಸುವ ಕನ್ವರ್ಟರ್ ಒಂದನ್ನು ನಡುವೆ ಕೂರಿಸಿದೆ.

ತಂತಿ ಕೆಲಸ ಕಷ್ಟದ್ದಲ್ಲ. ಎನ್‌ಎಂಇಎ 2000ದ ಮುಖ್ಯ ಕೇಬಲ್‌ನ ಎರಡೂ ತುದಿಗೆ 120 ಓಮ್‌ನ ಟರ್ಮಿನೇಟರ್ (ತುದಿಯ ರೆಸಿಸ್ಟರ್) ಇರಬೇಕು. ಪವರ್ ಆರಿಸಿ ಮಲ್ಟಿಮೀಟರ್ ಹಿಡಿದಾಗ 60 ಓಮ್ ಆಸುಪಾಸು ತೋರಿಸಿದರೆ ಸರಿ. ತಲೆ ಕೆಡಿಸಿಕೊಳ್ಳಬೇಕಾದದ್ದು ಆಮೇಲೆ, ಪರದೆಯ ಮೇಲೆ ಬಂದ ಅಂಕಿ ಯಾವ ಗಾಳಿಯದು ಎಂಬಲ್ಲಿ.

ಸೆನ್ಸರ್ ಕಳಿಸುವ ಸಾಲು ಹೀಗಿರುತ್ತದೆ:

$ಡಬ್ಲ್ಯುಐಎಂಡಬ್ಲ್ಯುವಿ,035.0,ಆರ್,14.0,ಎನ್,ಎ

ದೋಣಿಯ ಮೂತಿಯಿಂದ 35 ಡಿಗ್ರಿ, 14 ನಾಟ್ (ಗಂಟೆಗೆ 14 ನಾಟಿಕಲ್ ಮೈಲಿ), ಡೇಟಾ ಸಿಂಧು. ನಡುವಿನ ‘ಆರ್’ ಅಕ್ಷರವೇ ಮುಖ್ಯ: ಇದು ಅಪರೆಂಟ್ ವಿಂಡ್, ಅಂದರೆ ಓಡುತ್ತಿರುವ ದೋಣಿಗೆ ತಾಗುವ ಗಾಳಿ. ಅಲ್ಲಿ ‘ಟಿ’ ಇದ್ದರೆ ಟ್ರೂ ವಿಂಡ್, ಅಂದರೆ ದೋಣಿಯ ಓಟವನ್ನು ಕಳೆದು ಲೆಕ್ಕ ಹಾಕಿ ತೆಗೆದ ಗಾಳಿ. 2000ದಲ್ಲಿ ಇದೇ ಮಾಹಿತಿ 130306 ಸಂಖ್ಯೆಯ ಸಂದೇಶವಾಗುತ್ತದೆ. ವೇಗ ಸೆಕೆಂಡಿಗೆ 7.20 ಮೀಟರ್, ಕೋನ 0.6109 ರೇಡಿಯನ್, ಜೊತೆಗೆ ಯಾವ ಗಾಳಿ ಎಂದು ಹೇಳುವ ಒಂದು ಅಂಕಿ. ಅಪರೆಂಟ್‌ಗೆ ಅದು 2. ಕನ್ವರ್ಟರ್ ಕೊಳ್ಳುವಾಗ ನಾನು ಮೊದಲು ವಿಚಾರಿಸಿದ್ದೇ ಈ ಗುರುತು ಸರಿಯಾಗಿ ದಾಟುತ್ತದೆಯೇ ಎಂದು.

ಟ್ರೂ ವಿಂಡ್ ಲೆಕ್ಕವನ್ನು ಪ್ಲಾಟರ್ ಒಂದಕ್ಕೇ ಬಿಟ್ಟಿದ್ದೇನೆ. ಹಳೆಯ ಡಿಸ್‌ಪ್ಲೇ ತನ್ನದೊಂದು, ಪ್ಲಾಟರ್ ತನ್ನದೊಂದು ಲೆಕ್ಕ ಹಾಕಿ ಎರಡೂ ಕೇಬಲ್ ಮೇಲೆ ಬಂದರೆ ಅಂಕಿ ಅತ್ತಿತ್ತ ಕುಣಿಯುತ್ತದೆ, ಯಾವುದನ್ನು ನಂಬುವುದು? ಹಾಗಾಗಿ ಸೆನ್ಸರ್ ಕಡೆಯಿಂದ ‘ಆರ್’ ಸಾಲು ಮಾತ್ರ ದಾಟಲಿ ಎಂದು ಫಿಲ್ಟರ್ ಇಟ್ಟೆ. ಗಾಳಿಯ ಡೇಟಾ 2000ದಿಂದ ಮತ್ತೆ 0183ಕ್ಕೆ ತಿರುಗಿ ಹೋಗುವ ದಾರಿಯನ್ನೂ ಮುಚ್ಚಿದೆ.

ಲೆಕ್ಕಕ್ಕೆ ಯಾವ ವೇಗ ಕೊಡಬೇಕು ಎಂಬುದರಲ್ಲಿ ನನ್ನದು ಖಚಿತ ಅಭಿಪ್ರಾಯ: ನೀರಿನಲ್ಲಿ ತಿರುಗುವ ಪುಟ್ಟ ಚಕ್ರದ ವೇಗಮಾಪಕ, ಅಂದರೆ ಲಾಗ್‌ನಿಂದ ಬಂದದ್ದು, ಜಿಪಿಎಸ್‌ನದ್ದಲ್ಲ. ಮೇಲಿನ ಸಾಲನ್ನೇ ತೆಗೆದುಕೊಳ್ಳಿ. ನೀರಿನಲ್ಲಿ ದೋಣಿಯ ವೇಗ 6 ನಾಟ್ ಆದರೆ ಟ್ರೂ ವಿಂಡ್ 9.7 ನಾಟ್, 56 ಡಿಗ್ರಿ. ಹಿಂದಿನಿಂದ 2 ನಾಟ್ ಪ್ರವಾಹ ತಳ್ಳುತ್ತಿದ್ದರೆ ಜಿಪಿಎಸ್ 8 ಎನ್ನುತ್ತದೆ. ಅದನ್ನು ಹಾಕಿದರೆ 8.7 ನಾಟ್, 67 ಡಿಗ್ರಿ. ನೆಲದ ಮೇಲೆ ನಿಂತವರಿಗೆ ಆ ಗಾಳಿ ನಿಜವೇ, ಆದರೆ ಹಾಯಿ ಹೊಂದಿಸಲು ನನಗೆ ಬೇಕಾದದ್ದು ನೀರಿಗೆ ಹೋಲಿಸಿದ ಗಾಳಿ. ಉಬ್ಬರವಿಳಿತದ ಸೆಳೆತ ಜೋರಾಗಿರುವ ಸೊಲೆಂಟ್‌ನಲ್ಲಿ 11 ಡಿಗ್ರಿ ಸಣ್ಣ ವ್ಯತ್ಯಾಸವಲ್ಲ.

ಹೀಗಾಗಿ ವರ್ಷದ ಮೊದಲ ಪ್ರಯಾಣದಲ್ಲಿ ಮೊದಲು ನೋಡುವುದು ಲಾಗ್ ಅನ್ನೇ. ಪಾಚಿ ಸಿಕ್ಕಿ ಚಕ್ರ ನಿಂತರೆ ವೇಗ ಸೊನ್ನೆ, ಆಗ ಟ್ರೂ ವಿಂಡ್ ಮತ್ತು ಅಪರೆಂಟ್ ಒಂದೇ ಅಂಕಿ ತೋರಿಸುತ್ತವೆ. ಆಮೇಲೆ ಕೋನ. ಗಾಳಿಗೆ ಎದುರಾಗಿ, ಆದಷ್ಟು ಹತ್ತಿರದ ಕೋನದಲ್ಲಿ ಎಡಕ್ಕೂ ಬಲಕ್ಕೂ ಹಾಯಿ ಓಡಿಸಿ ನೋಡುತ್ತೇನೆ. ಒಂದು ಕಡೆ 38, ಇನ್ನೊಂದು ಕಡೆ 32 ಬಂದರೆ ಸೆನ್ಸರ್ 3 ಡಿಗ್ರಿ ಓರೆಯಾಗಿದೆ ಎಂದರ್ಥ. ಆ ತಿದ್ದುಪಡಿಯನ್ನು ಒಂದೇ ಉಪಕರಣದಲ್ಲಿ ಹಾಕಬೇಕು. ಪ್ಲಾಟರ್‌ನಲ್ಲೂ ಹಾಕಿದರೆ ಅದು ದುಪ್ಪಟ್ಟಾಗುತ್ತದೆ. ನಾನು ಹಾಕುವುದು ಕನ್ವರ್ಟರ್‌ನಲ್ಲಿ, ಏಕೆಂದರೆ ಆಟೋಪೈಲಟ್‌ಗೂ ಡೇಟಾ ಅಲ್ಲಿಂದಲೇ ಹೋಗುತ್ತದೆ.